ಜವ, ವೇಗ ಮತ್ತು ಸವೆಸಿದ ದಾರಿ

ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ ಚಲನೆಯ ಪಾಠ ಮೊದಲಾಗುತ್ತಿದ್ದಂತೆಯೇ ಎರಡು ಶಬ್ದಗಳು ಎದುರಾಗುತ್ತವೆ: ಜವ ಮತ್ತು ವೇಗ. ನಾವು ಆಡುವ ಕನ್ನಡದಲ್ಲಿ ಇವೆರಡಕ್ಕೂ ಭೇದವಿಲ್ಲ. ನಿಜ ಹೇಳುವುದಾದರೆ ಜವ ಎಂಬ ಮಾತನ್ನು ಈಗ ಯಾರೂ ಆಡುವುದೇ ಇಲ್ಲ. 'ಏನು ವೇಗ!' ಎನ್ನುತ್ತೇವೆ, 'ಸ್ಪೀಡು ಜಾಸ್ತಿಯಾಯಿತು' ಎನ್ನುತ್ತೇವೆ, 'ಬಿರ್ರನೆ ಹೋದ' ಎನ್ನುತ್ತೇವೆ. ಸಂಸ್ಕೃತದಲ್ಲಿಯೂ ಎರಡೂ ಹೆಚ್ಚು ಕಡಮೆ ಒಂದೇ ಅರ್ಥದವು. ಮನೆಮನೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಆಂಜನೇಯನ ಶ್ಲೋಕದಲ್ಲಿ ಜವವೂ ವೇಗವೂ ಅಕ್ಕಪಕ್ಕದಲ್ಲಿಯೇ ಕುಳಿತಿವೆ. ಮನಸ್ಸಿಗೆ ಒಂದು, ಗಾಳಿಗೆ ಇನ್ನೊಂದು. ಪಾರಿಭಾಷಿಕ ಶಬ್ದಗಳನ್ನು ಗೊತ್ತುಮಾಡಿದ ವಿದ್ವಾಂಸರು ಈ ಅವಳಿಗಳನ್ನು ಹಿಡಿದು ಬೇರೆ ಬೇರೆ ಮನೆಗಳಿಗೆ ಕಳುಹಿಸಿದರು. ಬರಿಯ ಸಂಖ್ಯೆಯಾಗಿರುವುದು ಜವ; ಸಂಖ್ಯೆಯ ಜೊತೆಗೆ ದಿಕ್ಕೂ ಇರುವುದು ವೇಗ. ಒಂದು ಮಾತು ಇಲ್ಲಿ ಹೇಳದಿರಲಾರೆ. ಹಳಗನ್ನಡದ ಕಾಲದಿಂದಲೂ ನಮ್ಮಲ್ಲಿ ಜವನೆಂದರೆ ಯಮ. ಹಳ್ಳಿಯವರು ಇಂದಿಗೂ ಜವರಾಯ ಎನ್ನುತ್ತಾರೆ. ಆ ಜವಕ್ಕೂ ಈ ಜವಕ್ಕೂ ಹುಟ್ಟಿನಲ್ಲಿ ಯಾವ ನಂಟೂ ಇಲ್ಲ. ಆದರೂ ಬೆಂಗಳೂರಿನ ವರ್ತುಲ ರಸ್ತೆಯನ್ನು ಸಂಜೆಯ ಹೊತ್ತು ದಾಟಲು ನಿಂತವರಿಗೆ ವಿದ್ವಾಂಸರು ಶಬ್ದವನ್ನು ಸುಮ್ಮನೆ ಆರಿಸಲಿಲ್ಲವೆಂದು ತೋರೀತು.

ಭೇದವೇನೋ ಸುಲಭವಾದುದೇ. ಬೆಂಗಳೂರಿನಿಂದ ಮೈಸೂರಿಗೆ ರೈಲಿನ ಹಾದಿ ಸುಮಾರು 138 ಕಿಲೋಮೀಟರು. ನಕ್ಷೆಯ ಮೇಲೆ ಅಳತೆಪಟ್ಟಿಯಿಟ್ಟು ಎರಡು ಊರುಗಳ ನಡುವೆ ಗೆರೆಯೆಳೆದರೆ ಸುಮಾರು 125. ಉಳಿದ ಹದಿಮೂರು ಕಿಲೋಮೀಟರು ಹಳಿಗಳ ಬಳುಕಾಟಕ್ಕೆ ಸಂದ ಕಂದಾಯ. ರೈಲು ಮೂರು ಗಂಟೆ ತೆಗೆದುಕೊಂಡಿತೆನ್ನೋಣ. ಅದರ ಸರಾಸರಿ ಜವ ಗಂಟೆಗೆ 46 ಕಿಲೋಮೀಟರು. ಸರಾಸರಿ ವೇಗವಾದರೋ 42ಕ್ಕೆ ಕೊಂಚ ಕಡಮೆ, ಅದೂ ನೈಋತ್ಯದ ಕಡೆಗೆ. 'ನೈಋತ್ಯದ ಕಡೆಗೆ' ಎಂಬುದನ್ನು ಬಿಟ್ಟರೆ ಅದು ವೇಗವೇ ಅಲ್ಲ. ಅದೇ ರೈಲಿನಲ್ಲಿ ಸಂಜೆ ಹಿಂದಿರುಗಿ ಬಂದರೆ ಓಡಿದ ದೂರ 276 ಕಿಲೋಮೀಟರು, ಆದರೆ ದಿನದ ಕೊನೆಗೆ ಸರಾಸರಿ ವೇಗ ಸೊನ್ನೆ. ಹೊರಟ ಜಾಗಕ್ಕೆ ಬಂದು ನಿಂತವನು ಎಷ್ಟೇ ಓಡಿರಲಿ, ವೇಗದ ಲೆಕ್ಕದಲ್ಲಿ ಕದಲಿಯೇ ಇಲ್ಲ.

ಗಾಳಿಯ ವಿಷಯದಲ್ಲಿ ನಮ್ಮ ರೈತರಿಗೆ ಈ ಭೇದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೂಡಗಾಳಿ, ಪಡುವಗಾಳಿ, ತೆಂಕಗಾಳಿ ಎಂದು ದಿಕ್ಕನ್ನು ಸೇರಿಸಿಯೇ ಅವರು ಗಾಳಿಯನ್ನು ಕರೆಯುವುದು. ಬರಿಯ 'ಜೋರು ಗಾಳಿ' ಎಂದರೆ ಹೆಂಚು ಹಾರುವುದರ ಸುದ್ದಿಯಾಯಿತೇ ಹೊರತು ಬಿತ್ತನೆಗೆ ಬೇಕಾದ ಸುದ್ದಿಯಲ್ಲ. ಹಡಗಿನವರಿಗೂ ಹಾಗೆಯೇ. ಹಿಂದೆ ಅವರು ಗಂಟುಗಳನ್ನು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಇಷ್ಟು ಹೊತ್ತಿನಲ್ಲಿ ಎಷ್ಟು ಗಂಟು ಕೈಬಿಟ್ಟಿತೆಂದು ಎಣಿಸಿ ಜವವನ್ನು ತಿಳಿಯುತ್ತಿದ್ದರು. ದಿಕ್ಕಿಗೆ ಬೇರೆಯೇ ಒಂದು ಉಪಕರಣ, ದಿಕ್ಸೂಚಿ. ಎರಡನ್ನೂ ಕೂಡಿಸಿದರೆ ಮಾತ್ರ ತಾವು ಎಲ್ಲಿದ್ದೇವೆಂದು ತಿಳಿಯುವುದು. ನಮ್ಮ ಮೋಟಾರು ಗಾಡಿಗಳಲ್ಲಿ ಮಾತ್ರ ಬಹುಕಾಲ ಚಾಲಕನ ಕಣ್ಣಿನ ಮುಂದೆ ಇದ್ದುದು ಜವದ ಮುಳ್ಳೊಂದೇ. ಊರಿಗೆ ಹೋಗುತ್ತಿದ್ದರೂ ಕಂದಕಕ್ಕೆ ಹೋಗುತ್ತಿದ್ದರೂ ಆ ಮುಳ್ಳು ಒಂದೇ ಸಂಖ್ಯೆಯನ್ನು ತೋರಿಸುತ್ತದೆ.

ಸೊನ್ನೆಯ ವಿಚಾರ ಮೊದಲು ತಮಾಷೆಯಾಗಿ ಕಾಣುತ್ತದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಎಮಿಲ್ ಜಾಟೊಪೆಕ್ ಹತ್ತು ಸಾವಿರ ಮೀಟರುಗಳನ್ನು 29 ನಿಮಿಷ 17 ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕ ಪಡೆದ. ನಾನೂರು ಮೀಟರಿನ ಅಂಕಣದಲ್ಲಿ ಅದು ಇಪ್ಪತ್ತೈದು ಸುತ್ತು. ಹೊರಟ ಗೆರೆಯೇ ಮುಟ್ಟಿದ ಗೆರೆ. ಸರಾಸರಿ ವೇಗ ಸೊನ್ನೆ. ಬೆಂಚಿನ ಮೇಲೆ ಕುಳಿತು ನೋಡಿದವನಿಗೂ ಅಷ್ಟೇ ವೇಗ, ಪದಕ ಮಾತ್ರ ಇಲ್ಲ. ಇನ್ನೂ ದೊಡ್ಡ ಅಂಕಣವೊಂದಿದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರಿನಂತೆ ಓಡುತ್ತ ವರ್ಷಕ್ಕೆ ಸುಮಾರು 94 ಕೋಟಿ ಕಿಲೋಮೀಟರು ಸವೆಸುತ್ತದೆ. ನಮ್ಮಲ್ಲಿ ಅರವತ್ತು ಸಂವತ್ಸರಗಳ ಚಕ್ರವೊಂದಿದೆಯಷ್ಟೆ. ಪ್ರಭವದಲ್ಲಿ ಹುಟ್ಟಿದವನಿಗೆ ಅರವತ್ತು ತುಂಬಿದಾಗ ಮತ್ತೆ ಪ್ರಭವವೇ ಬರುತ್ತದೆ. ಷಷ್ಟ್ಯಬ್ದಿಯ ದಿನ ಹಸೆಮಣೆಯ ಮೇಲೆ ಕುಳಿತ ಯಜಮಾನರು, ಸೂರ್ಯ ನಿಂತಿದ್ದಾನೆಂದು ಭಾವಿಸಿದರೆ, 5,640 ಕೋಟಿ ಕಿಲೋಮೀಟರು ಪ್ರಯಾಣ ಮಾಡಿ ಹೊರಟ ಸ್ಥಳಕ್ಕೇ ಬಂದಿರುತ್ತಾರೆ. ಪುರೋಹಿತರು ಇದನ್ನು ಸಂಕಲ್ಪದಲ್ಲಿ ಹೇಳುವುದಿಲ್ಲ. ಹೇಳಿದರೆ ಯಜಮಾನರಿಗೆ ಆಯಾಸ ಹೆಚ್ಚಾದೀತು.

ಆದರೆ ಇದು ತಮಾಷೆಯಲ್ಲವೆಂದು ನನಗೆ ತಿಳಿದುದು ನಿವೃತ್ತರಾದ ಮಿತ್ರರೊಬ್ಬರ ಮಾತಿನಿಂದ. ಮೂವತ್ತೈದು ವರ್ಷ ಒಂದು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಮೇಲ್ವಿಚಾರಕರಾಗಿ ಹೊರಬಂದವರು. ಬಸವನಗುಡಿಯ ಮನೆಯಿಂದ ಕಚೇರಿಗೆ ಆರು ಕಿಲೋಮೀಟರು, ಕಚೇರಿಯಿಂದ ಮನೆಗೆ ಆರು. ಮೊದಲು ಸೈಕಲ್ಲು, ಆಮೇಲೆ ಬಸ್ಸು. ಒಂದು ದಿನ ಅವರೇ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ವರ್ಷಕ್ಕೆ 280 ದಿನವೆಂದರೆ ಒಟ್ಟು 1,17,600 ಕಿಲೋಮೀಟರು. ಭೂಮಿಯ ಸುತ್ತಳತೆ ಸುಮಾರು 40,000, ಆದುದರಿಂದ ಮೂರು ಪ್ರದಕ್ಷಿಣೆಗೆ ಕೊಂಚ ಕಡಮೆ. 'ನೋಡಿ ಸ್ವಾಮಿ, ಭೂಪ್ರದಕ್ಷಿಣೆ ಮಾಡಿದ ಹಾಗಾಯಿತು. ಬಂದು ಸೇರಿದ್ದೆಲ್ಲಿಗೆ? ಅದೇ ಜಗಲಿಗೆ' ಎಂದರು. ನಗುತ್ತಲೇ ಹೇಳಿದರು. ಆದರೆ ಆ ಕಾಗದವನ್ನು ಅವರು ಎಸೆಯಲಿಲ್ಲ, ಮಡಿಸಿ ಜೇಬಿಗೆ ಹಾಕಿಕೊಂಡರು. ಒಬ್ಬ ಮನುಷ್ಯ ತನ್ನ ಬದುಕಿಗೆ ಸೊನ್ನೆ ಎಂಬ ಉತ್ತರವನ್ನು ತಾನೇ ಬರೆದುಕೊಳ್ಳುವುದು ಸಣ್ಣ ವಿಷಯವಲ್ಲ. ಆ ಲೆಕ್ಕ ಸರಿಯೆ? ಬದುಕನ್ನು ಅಳೆಯಬೇಕಾದುದು ಯಾವುದರಿಂದ, ಜವದಿಂದಲೋ ವೇಗದಿಂದಲೋ?

ಇದಕ್ಕೆ ಸಿದ್ಧವಾದ ಉತ್ತರವೊಂದು ಎಲ್ಲರ ನಾಲಿಗೆಯ ತುದಿಯಲ್ಲಿದೆ. ಎಷ್ಟು ಜೋರಾಗಿ ಓಡಿದೆ ಎಂಬುದು ಮುಖ್ಯವಲ್ಲ, ಯಾವ ಕಡೆಗೆ ಓಡಿದೆ ಎಂಬುದು ಮುಖ್ಯ. ಗುರಿಯೊಂದಿರಲಿ, ಅತ್ತಿತ್ತ ನೋಡದೆ ಅದರ ಕಡೆಗೆ ನಡೆ ಎಂಬ ಉಪದೇಶ. ಶಾಲೆಯ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷತೆ ವಹಿಸಿದ ಯಾರು ಬೇಕಾದರೂ ಇದನ್ನು ಹೇಳಬಲ್ಲರು, ಹೇಳುತ್ತಲೂ ಇದ್ದಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಭೌತವಿಜ್ಞಾನದಿಂದ ಉಪಮೆಯನ್ನು ಸಾಲ ತಂದವರು ಅರ್ಧ ಮಾತ್ರ ತಂದಿದ್ದಾರೆಂದು ನನಗನ್ನಿಸುತ್ತದೆ. ಸಾಲವನ್ನು ಪೂರ್ತಿ ತಂದರೆ ಉಪದೇಶ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

ದಿಕ್ಕು ಬದಲಿಸದೆ ನಡೆಯುವುದನ್ನು ನಾವು ದೃಢತೆ ಎಂದು ಹೊಗಳುತ್ತೇವೆ. ಗೆಲಿಲಿಯೊ ಕಂಡದ್ದನ್ನು ನ್ಯೂಟನ್ 1687ರಲ್ಲಿ ತನ್ನ ಗ್ರಂಥದ ಮೊದಲ ನಿಯಮವಾಗಿ ಇಟ್ಟ. ಹೊರಗಿನ ಬಲವೊಂದು ತಾಕದೆ ಇದ್ದರೆ ಚಲಿಸುವ ವಸ್ತು ಅದೇ ಜವದಲ್ಲಿ, ಅದೇ ನೇರದಲ್ಲಿ ಹೋಗುತ್ತಲೇ ಇರುತ್ತದೆ. ಅಂದರೆ, ನೇರವಾಗಿ ಹೋಗುತ್ತಿರುವುದಕ್ಕೆ ಯಾವ ಪ್ರಯತ್ನವೂ ಬೇಡ. ಅದು ಜಡತ್ವ, ಕಲ್ಲಿನ ಗುಣ. ಬಲ ಬೇಕಾಗುವುದು ತಿರುಗುವುದಕ್ಕೆ. ಆಗುಂಬೆಯ ಘಾಟಿಯಲ್ಲಿ ಬಸ್ಸು ಇಳಿಯುವಾಗ ಮುಳ್ಳು ಇಪ್ಪತ್ತರಲ್ಲಿಯೇ ನಿಂತಿದ್ದರೂ ಪ್ರತಿ ತಿರುವಿನಲ್ಲಿಯೂ ವೇಗ ಬದಲಾಗುತ್ತಿರುತ್ತದೆ. ರಸ್ತೆ ಟಯರನ್ನು ಹಿಡಿದು ಒಳಕ್ಕೆ ಎಳೆಯಬೇಕಾಗುತ್ತದೆ. ಒಳಗೆ ಕುಳಿತ ನಾವು ಪಕ್ಕದವರ ಮೇಲೆ ಒರಗುತ್ತೇವೆ, ಏಕೆಂದರೆ ನಮ್ಮ ದೇಹಕ್ಕೆ ನೇರ ಹೋಗುವ ಚಟ. ಮುಳ್ಳಿಗೆ ಇದೊಂದೂ ತಿಳಿಯದು. ಮನುಷ್ಯರಲ್ಲಿಯೂ, ಹಿಡಿದ ದಾರಿಯನ್ನು ಬಿಡದವನು ಧೀರನೋ, ತಿರುಗಲು ಬೇಕಾದ ಕಸುವಿಲ್ಲದವನೋ ಎಂಬುದು ದೂರದಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಎಷ್ಟೋ ಸಲ ಅವನಿಗೇ ಗೊತ್ತಿರುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಕಠಿಣವಾದುದು. ಹದಿನೇಳನೆಯ ಶತಮಾನದ ಯೂರೋಪಿನ ಪಂಡಿತರಲ್ಲಿ ಒಂದು ದೊಡ್ಡ ಜಗಳ ನಡೆಯಿತು. ಚಲಿಸುವ ವಸ್ತುವಿನ ಸತ್ವವನ್ನು ಹೇಗೆ ಅಳೆಯಬೇಕು? ಡೇಕಾರ್ಟನ ಅನುಯಾಯಿಗಳು ತೂಕವನ್ನು ಜವದಿಂದ ಗುಣಿಸಿದರೆ ಸಾಕೆಂದರು. 1686ರಲ್ಲಿ ಲೈಬ್‌ನಿಟ್ಸ್ ಹಾಗಲ್ಲ, ಜವದ ವರ್ಗದಿಂದ ಗುಣಿಸಬೇಕೆಂದು ವಾದಿಸಿದ. ಹದಿನೆಂಟನೆಯ ಶತಮಾನದ ಮೊದಲ ದಶಕಗಳಲ್ಲಿ ಗ್ರಾವೆಸಾಂಡೆ ಎಂಬ ಡಚ್ ಪಂಡಿತ ಮೆತ್ತನೆಯ ಜೇಡಿಮಣ್ಣಿನ ಮೇಲೆ ಹಿತ್ತಾಳೆಯ ಗುಂಡುಗಳನ್ನು ಬೀಳಿಸಿ ನೋಡಿದ. ಬೀಳುವ ಜವ ಎರಡರಷ್ಟಾದರೆ ಮಣ್ಣಿನಲ್ಲಿ ಆಗುವ ಕುಳಿ ನಾಲ್ಕರಷ್ಟಾಯಿತು. ಎಮಿಲಿ ದು ಷಾಟ್ಲೆ ಎಂಬ ಫ್ರೆಂಚ್ ವಿದುಷಿ 1740ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಲೈಬ್‌ನಿಟ್ಸನ ಪಕ್ಷವನ್ನೇ ಸಮರ್ಥಿಸಿದಳು. ಕೊನೆಗೆ ಎರಡು ಅಳತೆಗಳೂ ಬೇಕೆಂದಾಯಿತು. ಸಂವೇಗ ಎಂದು ಈಗ ಕರೆಯುವುದಕ್ಕೆ ದಿಕ್ಕುಂಟು, ಚಲನಶಕ್ತಿಗೆ ದಿಕ್ಕಿಲ್ಲ. ಅದು ಜವವನ್ನು ಮಾತ್ರ ಕೇಳುತ್ತದೆ, ಕೇಳಿ ಅದನ್ನು ಅದರಿಂದಲೇ ಗುಣಿಸಿಕೊಳ್ಳುತ್ತದೆ.

ಇದರ ಅರ್ಥವನ್ನು ನಾವು ಮನಸ್ಸಿಗೆ ತಂದುಕೊಳ್ಳುವುದು ಕಡಮೆ. ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ಬರುವ ಗಾಡಿಯ ಪೆಟ್ಟಿನಲ್ಲಿ ಮೂವತ್ತರಲ್ಲಿ ಬರುವುದರ ನಾಲ್ಕರಷ್ಟು ಶಕ್ತಿಯಿರುತ್ತದೆ. ಆಸ್ಪತ್ರೆಗೆ ರೋಗಿಯನ್ನು ಒಯ್ಯುವ ಗಾಡಿಯಾದರೂ ಅಷ್ಟೆ, ಕಳ್ಳಮಾಲು ಸಾಗಿಸುವ ಗಾಡಿಯಾದರೂ ಅಷ್ಟೆ. ಅಡ್ಡ ಬಂದ ಮಗುವಿನ ಪಾಲಿಗೆ ದಿಕ್ಕು ಸರಿಯಾಗಿತ್ತು ಎಂಬುದರಿಂದ ಏನೂ ಪ್ರಯೋಜನವಿಲ್ಲ. ದಿಕ್ಕು ಸರಿಯಿದ್ದರೆ ಸಾಕು ಎಂದು ಹೇಳುವವರು ಪೆಟ್ಟು ತಿಂದವನ ಕಡೆಯಿಂದ ನೋಡಿಲ್ಲ. ಅಷ್ಟು ಮಾತ್ರವಲ್ಲ, ದಿಕ್ಕು ಸರಿಯೆಂಬ ನಂಬಿಕೆ ಬಲವಾದಷ್ಟೂ ಜವವನ್ನು ತಗ್ಗಿಸಬೇಕೆಂಬ ಯೋಚನೆ ಕಡಮೆಯಾಗುತ್ತದೆ. ಒಳ್ಳೆಯ ಕೆಲಸಕ್ಕೆ ತಡವೇಕೆ ಎಂದು ಕೇಳುತ್ತೇವಲ್ಲ!

ನಮ್ಮ ದೇಶದ ಈಚಿನ ಇತಿಹಾಸದಲ್ಲಿ ಈ ಪ್ರಶ್ನೆ ಒಮ್ಮೆ ಬಹಳ ನೇರವಾಗಿ ಎದ್ದು ನಿಂತಿತು. 1920ರಲ್ಲಿ ಅಸಹಕಾರ ಚಳವಳಿ ಮೊದಲಾದಾಗ ಗಾಂಧೀಜಿ ಒಂದು ವರ್ಷದಲ್ಲಿ ಸ್ವರಾಜ್ಯವೆಂದು ಹೇಳಿದ್ದರು. ಜನರು ಷರತ್ತುಗಳನ್ನು ನಡೆಸಿಕೊಟ್ಟರೆ ಎಂಬ ಮಾತೂ ಜೊತೆಗಿತ್ತು; ಆದರೆ ಜನರ ಕಿವಿಯಲ್ಲಿ ಉಳಿದದ್ದು 'ಒಂದು ವರ್ಷ' ಎಂಬುದು. ಅದು ಜವದ ಮಾತು. ವರ್ಷ ಕಳೆಯಿತು, 1921 ಮುಗಿಯಿತು, ಸ್ವರಾಜ್ಯ ಬರಲಿಲ್ಲ. ಸಾವಿರಾರು ಜನ ಸೆರೆಮನೆಯಲ್ಲಿದ್ದರು, ದೇಶದ ಕಾವು ಏರುತ್ತಲೇ ಇತ್ತು. 1922ರ ಫೆಬ್ರುವರಿ 1ರಂದು ಗಾಂಧೀಜಿ ವೈಸರಾಯರಿಗೆ ಕಾಗದ ಬರೆದು ಬಾರ್ಡೋಲಿಯಲ್ಲಿ ಸಾಮೂಹಿಕ ಕಾನೂನುಭಂಗ ಮಾಡುವುದಾಗಿ ತಿಳಿಸಿದರು. ಅದಾದ ಕೆಲವೇ ದಿನಗಳಲ್ಲಿ ಗೋರಖಪುರ ಜಿಲ್ಲೆಯ ಚೌರಿ ಚೌರಾ ಎಂಬಲ್ಲಿ ಪೊಲೀಸರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು; ರೊಚ್ಚಿಗೆದ್ದ ಜನ ಠಾಣೆಗೆ ಬೆಂಕಿಯಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪೊಲೀಸರು ಸತ್ತರು. ಫೆಬ್ರುವರಿ 12ರ ಹೊತ್ತಿಗೆ ಬಾರ್ಡೋಲಿಯಲ್ಲಿ ಸೇರಿದ ಕಾರ್ಯಸಮಿತಿ ಕಾನೂನುಭಂಗವನ್ನು ನಿಲ್ಲಿಸಿತು. ಗಾಂಧೀಜಿ ಐದು ದಿನ ಉಪವಾಸ ಮಾಡಿದರು.

ಸೆರೆಮನೆಯಲ್ಲಿದ್ದ ಮೋತಿಲಾಲರು, ಲಜಪತರಾಯರು ಸಿಟ್ಟಾದರು. ಕಿರಿಯರಾದ ಜವಾಹರಲಾಲರು ತಮ್ಮ ಆತ್ಮಕಥೆಯಲ್ಲಿ ಆ ಬೇಗೆಯನ್ನು ಮುಚ್ಚಿಡದೆ ಬರೆದಿದ್ದಾರೆ. ಅವರ ಪ್ರಶ್ನೆ ನ್ಯಾಯವಾದುದೇ. ಯಾವುದೋ ಮೂಲೆಯ ಹಳ್ಳಿಯ ಜನ ಮಾಡಿದ ತಪ್ಪಿಗಾಗಿ ಇಡೀ ದೇಶದ ಓಟ ನಿಲ್ಲಬೇಕೆ? ಮೂವತ್ತು ಕೋಟಿ ಜನರಲ್ಲಿ ಒಬ್ಬನೂ ಕೈಯೆತ್ತದಿರುವ ದಿನ ಎಂದಾದರೂ ಬಂದೀತೆ? ದಿಕ್ಕು ಸ್ವರಾಜ್ಯದ ಕಡೆಗೇ ಇತ್ತಲ್ಲ! ಇಂದಿಗೂ ಈ ವಾದ ಮುಗಿದಿಲ್ಲ. ಗಾಂಧೀಜಿ ಹೆದರಿದರೆನ್ನುವವರೂ ಇದ್ದಾರೆ, ಚಳವಳಿ ತಮ್ಮ ಕೈಮೀರುವುದನ್ನು ಅವರು ಸಹಿಸಲಿಲ್ಲವೆನ್ನುವವರೂ ಇದ್ದಾರೆ. ಆ ಹಳ್ಳಿಯ ಜನ ಗಾಂಧಿಯ ಹೆಸರನ್ನೇ ಕೂಗುತ್ತ ಹೊರಟವರು. ಅವರಲ್ಲಿ 19 ಮಂದಿಯನ್ನು 1923ರಲ್ಲಿ ಗಲ್ಲಿಗೇರಿಸಿದರು. ಚಳವಳಿ ನಿಂತದ್ದರಿಂದ ಅವರಿಗೇನೂ ಒದಗಿಬರಲಿಲ್ಲ. ಇದನ್ನು ಮರೆತು ಆ ನಿರ್ಧಾರವನ್ನು ಹೊಗಳುವುದು ಸುಲಭ, ಆದರೆ ಪ್ರಾಮಾಣಿಕವಲ್ಲ.

ಇಷ್ಟಾದರೂ ನನ್ನ ಮನಸ್ಸು ಗಾಂಧೀಜಿಯ ಕಡೆಗೇ ವಾಲುತ್ತದೆ. ಅದಕ್ಕೆ ಕಾರಣ ಅವರ ದಿಕ್ಕು ಸರಿಯಿತ್ತು ಎಂಬುದಲ್ಲ. ಸಿಟ್ಟಾದವರ ದಿಕ್ಕೂ ಅದೇ. ಠಾಣೆಯೊಳಗೆ ಬೆಂದವರಿಗೆ ಆ ಜನ ಸ್ವರಾಜ್ಯದ ಕಡೆಗೆ ಹೋಗುತ್ತಿದ್ದರೋ ಮತ್ತೆಲ್ಲಿಗೋ ಎಂಬುದು ಒಂದೇ ಆಗಿತ್ತು. ಪೆಟ್ಟಿಗೆ ದಿಕ್ಕಿಲ್ಲ. ಇದನ್ನು ಕಂಡು, ತುಂಬು ಜವದಲ್ಲಿದ್ದ ಗಾಡಿಗೆ ಬಿರಿ ಹಾಕುವುದಕ್ಕೆ ಬೇಕಾದ ಬಲವನ್ನು ಯೋಚಿಸಿ ನೋಡಿ. ಆ ಹೊತ್ತಿನಲ್ಲಿ ಸುಮ್ಮನಿದ್ದಿದ್ದರೆ ಚಳವಳಿ ತಾನಾಗಿಯೇ ಮುಂದೆ ಹೋಗುತ್ತಿತ್ತು. ಜಡತ್ವವೇ ಅದನ್ನು ಒಯ್ಯುತ್ತಿತ್ತು, ಜನ ಅದನ್ನು ದೃಢತೆಯೆಂದು ಕೊಂಡಾಡುತ್ತಿದ್ದರು. ಮಾರ್ಚಿ 10ರಂದು ಸರ್ಕಾರ ಅವರನ್ನು ಹಿಡಿದು ಆರು ವರ್ಷದ ಶಿಕ್ಷೆ ಕೊಟ್ಟಿತು. ಹೊರಗಿನವರ ಲೆಕ್ಕದಲ್ಲಿ ಎಲ್ಲವೂ ಹೊರಟಲ್ಲಿಗೇ ಬಂದು ನಿಂತಿತ್ತು.

ಎಂಟು ವರ್ಷದ ಮೇಲೆ ಅವರು ಮತ್ತೆ ಹೊರಟಾಗ ಆರಿಸಿಕೊಂಡ ಜವವನ್ನು ಗಮನಿಸಬೇಕು. ಸಾಬರಮತಿಯಿಂದ ದಂಡಿಗೆ ಸುಮಾರು 385 ಕಿಲೋಮೀಟರು. ರೈಲು ಹತ್ತಿದ್ದರೆ ದಾರಿಯ ಬಹುಪಾಲು ಒಂದು ರಾತ್ರಿಯಲ್ಲಿ ಮುಗಿಯುತ್ತಿತ್ತು. ಅರವತ್ತು ತುಂಬಿದ ಮುದುಕರು 24 ದಿನ ನಡೆದರು, ದಿನಕ್ಕೆ ಸುಮಾರು 16 ಕಿಲೋಮೀಟರು. ಜೊತೆಗಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿ ಆರಿಸಿದ್ದರು. ಹಾವೇರಿಯ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು ಅವರಲ್ಲಿದ್ದ ಕನ್ನಡಿಗರು. ಆ ನಿಧಾನದಲ್ಲಿ ಹಳ್ಳಿಹಳ್ಳಿಯೂ ಮೊದಲೇ ಸುದ್ದಿ ಕೇಳಿ ರಸ್ತೆಗೆ ನೀರು ಚಿಮುಕಿಸಿ ಕಾಯುವುದಕ್ಕೆ ವ್ಯವಧಾನವಿತ್ತು, ಲೋಕದ ಪತ್ರಿಕೆಗಳಿಗೆ ಬರೆಯುವುದಕ್ಕೆ ವ್ಯವಧಾನವಿತ್ತು, ಸರ್ಕಾರಕ್ಕೆ ಹಿಡಿಯಲೋ ಬಿಡಲೋ ಎಂದು ಒದ್ದಾಡುವುದಕ್ಕೂ ವ್ಯವಧಾನವಿತ್ತು. ಏಪ್ರಿಲ್ 6ರ ಬೆಳಗ್ಗೆ ಒಂದು ಹಿಡಿ ಉಪ್ಪನ್ನು ಎತ್ತಿಕೊಂಡದ್ದು ಕೊನೆಯ ಕ್ಷಣದ ಕೆಲಸ. ನಿಜವಾದ ಕೆಲಸ ನಡೆದದ್ದು ದಾರಿಯಲ್ಲಿ.

ದಾರಿ ಎಂದೊಡನೆ ನನ್ನ ಮಿತ್ರರ ಲೆಕ್ಕಕ್ಕೆ ಬರಬೇಕಾಗಿದೆ. ವೇಗದ ಲೆಕ್ಕದಲ್ಲಿ ಹೊರಟ ಬಿಂದು, ಮುಟ್ಟಿದ ಬಿಂದು ಇವೆರಡೇ ಮುಖ್ಯ. ನಡುವಿನದನ್ನು ಅದು ಕೇಳುವುದಿಲ್ಲ. ಹಾಗೆ ಕೇಳದೆ ಇರುವ ಲೆಕ್ಕಗಳು ಪ್ರಕೃತಿಯಲ್ಲಿ ಬೇರೆಯೂ ಇವೆ. ಚಾಮುಂಡಿ ಬೆಟ್ಟವನ್ನು ಸಾವಿರ ಮೆಟ್ಟಿಲಿನ ಮೇಲೆ ಹತ್ತಿದರೂ, ಸುತ್ತು ರಸ್ತೆಯಲ್ಲಿ ಹೋದರೂ, ಭೂಮಿಯ ಸೆಳೆತದ ವಿರುದ್ಧ ಮಾಡಿದ ಕೆಲಸ ಒಂದೇ. ಏರಿದ ಎತ್ತರ ಒಂದೇ ಆದುದರಿಂದ. ಆದರೆ ಘರ್ಷಣೆ ಎಂಬುದೊಂದಿದೆ. ಅದರ ಲೆಕ್ಕ ಹೆಜ್ಜೆಹೆಜ್ಜೆಗೂ. ಚಪ್ಪಲಿಯ ಅಟ್ಟೆ ಸವೆಯುವುದು ನಡೆದ ದೂರಕ್ಕೆ, ತಲುಪಿದ ದೂರಕ್ಕಲ್ಲ. ಸೈಕಲ್ಲಿನ ಟಯರೂ ಹಾಗೆಯೇ, ಮನುಷ್ಯನ ಮಂಡಿಯೂ ಹಾಗೆಯೇ. ಆದುದರಿಂದ ಪ್ರಕೃತಿ ಎರಡು ಖಾತೆಗಳನ್ನು ಇಟ್ಟಿದೆ, ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವುದು ಅದರ ಪದ್ಧತಿಯಲ್ಲ. ನನ್ನ ಮಿತ್ರರು ಒಂದು ಖಾತೆಯನ್ನು ಮಾತ್ರ ಓದಿಕೊಂಡರು.

ಗಾಣದ ಎತ್ತನ್ನು ನೆನೆಸಿಕೊಳ್ಳಿ. ಹೊರಟಲ್ಲಿಗೇ ಬರುವ ದುಡಿಮೆಗೆ ನಮ್ಮ ಭಾಷೆ ಅದನ್ನೇ ಗಾದೆ ಮಾಡಿಕೊಂಡಿದೆ, ಸ್ವಲ್ಪ ಅನ್ಯಾಯವಾಗಿ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಅದು ದಿನವೆಲ್ಲ ಸುತ್ತುತ್ತದೆ. ಸಂಜೆಗೆ ಅದರ ಸ್ಥಾನಪಲ್ಲಟ ಸೊನ್ನೆ. ಆದರೆ ಎಣ್ಣೆ ಬಂದಿರುತ್ತದೆ. ಒನಕೆ ಒರಳಿನಲ್ಲಿ ತಿರುಗುವಾಗಿನ ಆ ಉಜ್ಜಾಟ, ನೇರ ನಡಿಗೆಯವರು ವ್ಯರ್ಥವೆಂದು ಕಳೆದುಬಿಡುವ ಆ ಘರ್ಷಣೆಯೇ ಎಳ್ಳಿನಿಂದ ಎಣ್ಣೆಯನ್ನು ಹೊರಡಿಸಿದ್ದು. ಎತ್ತನ್ನು ನೇರವಾಗಿ ಓಡಲು ಬಿಟ್ಟಿದ್ದರೆ ಒಳ್ಳೆಯ ವೇಗ ಸಿಗುತ್ತಿತ್ತು, ಒಗ್ಗರಣೆಗೆ ಎಣ್ಣೆ ಸಿಗುತ್ತಿರಲಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಅಡುಗೆಮನೆಗೆ ಐವತ್ತು ವರ್ಷ ನಡೆದ ನಮ್ಮ ತಾಯಂದಿರ ವೇಗವನ್ನು ಯಾರು ಲೆಕ್ಕ ಹಾಕಿದರೂ ಸೊನ್ನೆಯೇ. ಉಂಡು ಬೆಳೆದವರು ಆ ಸೊನ್ನೆಯನ್ನು ಅವರ ಮುಂದೆ ಓದಿ ಹೇಳಲಾರರು. ಹಾಗೆಂದು ಸುತ್ತುವುದೇ ಧರ್ಮವೆಂದೂ ನಾನು ಹೇಳುವುದಿಲ್ಲ. ಎತ್ತಿಗೆ ಯಾರೂ ಕೇಳಿ ನೊಗ ಹೂಡಲಿಲ್ಲ; ಆ ತಾಯಂದಿರಲ್ಲಿ ಎಷ್ಟು ಮಂದಿಯನ್ನು ಕೇಳಿದ್ದರು? ಎಣ್ಣೆ ಬಂತೆಂಬುದರಿಂದ ಕಣ್ಣಿನ ಬಟ್ಟೆ ನ್ಯಾಯವಾಗುವುದಿಲ್ಲ. ನನ್ನ ಮಿತ್ರರ ಕಚೇರಿಯಲ್ಲಿ ಎಷ್ಟು ಜನ ವಿಧವೆಯರ ಪಿಂಚಣಿಯ ಕಾಗದ ಅವರ ಮೇಜಿನಿಂದ ಬೇಗ ಮುಂದೆ ಹೋಯಿತು ಎಂಬುದನ್ನು ಅವರು ಆ ಕಾಗದದಲ್ಲಿ ಬರೆದಿರಲಿಲ್ಲ. ಕೇಳಿದರೆ, 'ಅದೆಲ್ಲ ದಾರಿಯಲ್ಲಿ ಆದದ್ದು' ಎಂದರು.

ಹೊರಟಲ್ಲಿಗೇ ಬಂದವರ ಪೈಕಿ ಒಬ್ಬನ ಕಥೆ ಲೋಕಕ್ಕೆಲ್ಲ ತಿಳಿದದ್ದು, ಆದರೆ ಅದರ ಒಂದು ಭಾಗವನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಅರ್ನೆಸ್ಟ್ ಷಾಕಲ್‌ಟನ್ ಮೂವರು ಜೊತೆಗಾರರೊಡನೆ ದಕ್ಷಿಣ ಧ್ರುವಕ್ಕೆ ಹೊರಟು, 1909ರ ಜನವರಿ 9ರಂದು ಧ್ರುವ ಇನ್ನು ಸುಮಾರು 180 ಕಿಲೋಮೀಟರು ಇರುವಾಗ ನಿಂತ. ಅಲ್ಲಿಯವರೆಗೆ ಅಷ್ಟು ದಕ್ಷಿಣಕ್ಕೆ ಯಾವ ಮನುಷ್ಯನೂ ಹೋಗಿರಲಿಲ್ಲ. ಮುಂದೆ ಹೋಗಿದ್ದರೆ ಧ್ರುವ ಸಿಕ್ಕಿಯೂ ಸಿಗುತ್ತಿತ್ತು. ಉಳಿದಿದ್ದ ಆಹಾರದಲ್ಲಿ ಹಿಂದಿರುಗುವಂತಿರಲಿಲ್ಲ. ಆತ ತಿರುಗಿದ. ತಿಂಗಳುಗಟ್ಟಲೆ ದಕ್ಷಿಣವೊಂದನ್ನೇ ಕಂಡ ಕಾಲುಗಳನ್ನು ಉತ್ತರಕ್ಕೆ ತಿರುಗಿಸಿದ್ದು, ಅದೂ ಧ್ರುವ ಕೈಗೆ ಎಟುಕುವ ಹತ್ತಿರದಲ್ಲಿ. ನಾಲ್ವರೂ ಹಸಿವಿನಿಂದ ಕಂಗೆಟ್ಟು, ಆದರೆ ಜೀವಂತವಾಗಿ, ಹೊರಟ ಸ್ಥಳಕ್ಕೆ ಬಂದು ಸೇರಿದರು. ವೇಗ ಸೊನ್ನೆ.

ಆ ಪ್ರಯಾಣದಲ್ಲಿ, 1908ರ ಡಿಸೆಂಬರಿನಲ್ಲಿ, ಅವರು ಬೆಟ್ಟಗಳ ನಡುವೆ ಮೇಲಕ್ಕೆ ಏರಿಹೋಗುವ ದೊಡ್ಡ ಹಿಮನದಿಯೊಂದನ್ನು ಕಂಡುಹಿಡಿದು ಅದರ ಮೇಲೆ ಹತ್ತಿ ಧ್ರುವದ ಎತ್ತರದ ಬಯಲನ್ನು ಮುಟ್ಟಿದ್ದರು. ಅದಕ್ಕೆ ಬಿಯರ್ಡ್‌ಮೋರ್ ಎಂದು ಹೆಸರಿಟ್ಟರು. ಮೂರು ವರ್ಷದ ಮೇಲೆ, 1911ರ ಡಿಸೆಂಬರಿನಲ್ಲಿ, ಸ್ಕಾಟನ ತಂಡ ಹತ್ತಿದ್ದು ಅದೇ ಹಿಮನದಿಯನ್ನು. ಷಾಕಲ್‌ಟನ್ ಯಾವ ದಿನ ಎಲ್ಲಿದ್ದ, ತಾವು ಅವನಿಗಿಂತ ಮುಂದಿದ್ದೇವೆಯೋ ಹಿಂದಿದ್ದೇವೆಯೋ ಎಂದು ಸ್ಕಾಟ್ ದಿನಚರಿಯಲ್ಲಿ ಮತ್ತೆ ಮತ್ತೆ ಹೋಲಿಸಿಕೊಂಡಿದ್ದಾನೆ. ಆತನ ಐವರು 1912ರ ಜನವರಿ 17ರಂದು ಧ್ರುವವನ್ನು ಮುಟ್ಟಿದರು. ಅಮುಂಡ್‌ಸೆನ್ ಬೇರೆ ದಾರಿಯಿಂದ ಬಂದು ಹಿಂದಿನ ಡಿಸೆಂಬರ್ 14ರಂದೇ ಅಲ್ಲಿ ಬಾವುಟ ನೆಟ್ಟು ಹೋಗಿದ್ದ. ಐವರಲ್ಲಿ ಯಾರೊಬ್ಬರೂ ಹಿಂದಿರುಗಲಿಲ್ಲ. ಅವರಿಗೆ ದಾರಿ ಮಾಡಿಕೊಟ್ಟಿದ್ದ ನಾಲ್ವರು ಆ ಹೊತ್ತಿಗೆ ಬದುಕಿಯೇ ಇದ್ದರು.